ಗಾಯದ ಕಾರಣ ಹುಡುಕಿದ ಹ್ಯೂ ಡಿಹೇವನ್

ಮಕ್ಕಳೇ, ಕೋಳಿ ಫಾರಂನಿಂದ ಅಂಗಡಿಗೆ ಮೊಟ್ಟೆ ಬರುವುದನ್ನು ನೀವು ನೋಡಿರುತ್ತೀರಿ. ಒಂದೊಂದು ಮೊಟ್ಟೆಗೂ ಒಂದೊಂದು ಗುಳಿ ಇರುವ ರಟ್ಟಿನ ಟ್ರೇಗಳಲ್ಲಿ ಅವನ್ನು ಜೋಡಿಸಿರುತ್ತಾರೆ. ಹಿಂದೆಲ್ಲ ಬುಟ್ಟಿಗೆ ಭತ್ತದ ಹೊಟ್ಟು ತುಂಬಿ, ಅದರೊಳಗೆ ಮೊಟ್ಟೆ ಹುದುಗಿಸಿ ಸಂತೆಗೆ ಒಯ್ಯುತ್ತಿದ್ದರು. ರಸ್ತೆಯಲ್ಲಿ ಎಷ್ಟೇ ಗುಂಡಿಗಳಿದ್ದರೂ ಹೆಚ್ಚಿನ ಮೊಟ್ಟೆಗಳು ಒಡೆಯದೆ ಊರು ಸೇರುತ್ತಿದ್ದವು.

ಈಗ ಕಾರಿನೊಳಗೆ ಕುಳಿತ ಮನುಷ್ಯನನ್ನು ನೆನಪು ಮಾಡಿಕೊಳ್ಳಿ. ಅವನ ಮುಂದೆ ಎಂಜಿನ್ ಇರುವ ಉದ್ದನೆಯ ಭಾಗವಿದೆ. ಹಿಂದೆ ಸಾಮಾನು ಇಡುವ ಜಾಗವಿದೆ. ಪಕ್ಕದಲ್ಲಿ ಏನಿದೆ? ಬಾಗಿಲು ಮಾತ್ರ. ಅವನ ಭುಜಕ್ಕೂ ಬಾಗಿಲಿಗೂ ನಡುವೆ ಒಂದು ಗೇಣು ಜಾಗವೂ ಇರುವುದಿಲ್ಲ. ಅಡ್ಡರಸ್ತೆಯಿಂದ ಇನ್ನೊಂದು ವಾಹನ ಬಂದು ಈ ಬಾಗಿಲಿಗೇ ಗುದ್ದಿದರೆ ಏನಾಗುತ್ತದೆ?

ಮೊಟ್ಟೆಯನ್ನು ಕಾಪಾಡಲು ನಾವು ಇಷ್ಟೊಂದು ಯೋಚಿಸುತ್ತೇವೆ. ವಾಹನದೊಳಗಿನ ಮನುಷ್ಯನ ಬಗ್ಗೆಯೂ ಹೀಗೆಯೇ ಏಕೆ ಯೋಚಿಸಬಾರದು ಎಂದು ಕೇಳಿದವರು ಅಮೆರಿಕದ ಹ್ಯೂ ಡಿಹೇವನ್. ಅಪಘಾತದಲ್ಲಿ ಗಾಯಗಳು ಹೇಗೆ ಆಗುತ್ತವೆ ಎಂಬ ಅಧ್ಯಯನಕ್ಕೆ ಬುನಾದಿ ಹಾಕಿದವರು ಅವರು. ಇಂದು ಕಾರಿನ ಬಾಗಿಲೊಳಗೆ ಇರುವ ಉಕ್ಕಿನ ಅಡ್ಡಪಟ್ಟಿ, ಪಕ್ಕದಿಂದ ಉಬ್ಬುವ ಗಾಳಿಚೀಲ, ಪಕ್ಕದ ಡಿಕ್ಕಿಯ ಪರೀಕ್ಷೆ ಇವೆಲ್ಲದರ ಹಿಂದೆ ಅವರು ಕೇಳಿದ ಪ್ರಶ್ನೆಯೇ ಇದೆ. ಅವರ ಕಥೆಯನ್ನು ತಿಳಿಯೋಣ ಬನ್ನಿ.

ಆಕಾಶದಲ್ಲಿ ಡಿಕ್ಕಿ

ಹ್ಯೂ ಡಿಹೇವನ್ 1895ರಲ್ಲಿ ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ಜನಿಸಿದರು. ಅನುಕೂಲಸ್ಥರ ಮನೆ. ಕಾರ್ನೆಲ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳಲ್ಲಿ ಕೆಲಕಾಲ ಓದಿದರು. ಆಗ ಮೊದಲನೇ ಮಹಾಯುದ್ಧ ನಡೆಯುತ್ತಿತ್ತು. ರೈಟ್ ಸಹೋದರರು ಮೊದಲ ಬಾರಿಗೆ ವಿಮಾನ ಹಾರಿಸಿ ಇನ್ನೂ 15 ವರ್ಷ ಕೂಡ ತುಂಬಿರಲಿಲ್ಲ. ಯುವಕರಿಗೆಲ್ಲ ವಿಮಾನವೆಂದರೆ ಬೆರಗು. ಡಿಹೇವನ್ ಅವರಿಗೂ ಹಾರುವ ಆಸೆ. ಅಮೆರಿಕದ ಸೇನೆಯಲ್ಲಿ ಅವಕಾಶ ಸಿಗದಿದ್ದಾಗ ಅವರು ಸುಮ್ಮನಾಗಲಿಲ್ಲ. ಬ್ರಿಟನ್ನಿನ ರಾಯಲ್ ಫ್ಲೈಯಿಂಗ್ ಕೋರ್ ಎಂಬ ವಾಯುದಳ ಕೆನಡಾದಲ್ಲಿ ತರಬೇತಿ ನಡೆಸುತ್ತಿತ್ತು. ಅಲ್ಲಿಗೆ ಹೋಗಿ ಸೇರಿಕೊಂಡರು.

1917ರಲ್ಲಿ, ತರಬೇತಿಯ ಕೊನೆಯ ಹಂತದಲ್ಲಿ, ಅವರ ವಿಮಾನಕ್ಕೂ ಇನ್ನೊಂದು ವಿಮಾನಕ್ಕೂ ಆಕಾಶದಲ್ಲೇ ಡಿಕ್ಕಿಯಾಯಿತು. ಹಲವು ನೂರು ಅಡಿ ಎತ್ತರದಿಂದ ಡಿಹೇವನ್ ವಿಮಾನದ ಸಮೇತ ನೆಲಕ್ಕೆ ಬಿದ್ದರು. ಕಾಲುಗಳು ಮುರಿದವು. ಹೊಟ್ಟೆಯೊಳಗಿನ ಯಕೃತ್ತು, ಪಿತ್ತಕೋಶ ಮತ್ತು ಮೇದೋಜೀರಕ ಗ್ರಂಥಿಗಳಿಗೆ ಭಾರಿ ಪೆಟ್ಟಾಗಿತ್ತು. ಅವರು ಬದುಕುವರೆಂದು ಯಾರೂ ಎಣಿಸಿರಲಿಲ್ಲ. ಆದರೂ ಬದುಕಿದರು. ಸುಮಾರು ಆರು ತಿಂಗಳು ಆಸ್ಪತ್ರೆಯಲ್ಲಿ ಮಲಗಿದ್ದರು.

ಎಲ್ಲರೂ ಇದನ್ನು ಅದೃಷ್ಟ ಎಂದರು. ಡಿಹೇವನ್ ಅವರಿಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಅಷ್ಟು ಎತ್ತರದಿಂದ ಬಿದ್ದರೂ ತಲೆ ಒಡೆಯಲಿಲ್ಲ, ಎದೆಗೂಡು ಪುಡಿಯಾಗಲಿಲ್ಲ. ಹಾಗಾದರೆ ಹೊಟ್ಟೆಗೆ ಮಾತ್ರ ಅಷ್ಟು ಪೆಟ್ಟಾದದ್ದು ಏಕೆ? ಮಲಗಿದಲ್ಲೇ ಅವರು ಯೋಚಿಸಿದರು. ಆಸನದಿಂದ ಜಾರದಂತೆ ಸೊಂಟಕ್ಕೆ ಕಟ್ಟಿದ್ದ ಬೆಲ್ಟಿನ ಬಕಲ್ ಲೋಹದ್ದಾಗಿತ್ತು, ಚಾಚಿಕೊಂಡಿತ್ತು. ಅದು ಸರಿಯಾಗಿ ಹೊಟ್ಟೆಯ ಮೇಲೆ ಕುಳಿತಿತ್ತು. ನೆಲಕ್ಕೆ ಬಡಿದಾಗ ಇಡೀ ದೇಹದ ಭಾರ ಆ ಸಣ್ಣ ಬಕಲ್ಲಿನ ಮೇಲೆ ಬಿದ್ದಿತ್ತು. ಬಿದ್ದದ್ದಕ್ಕಿಂತ ಹೆಚ್ಚು ಅಪಾಯ ಮಾಡಿದ್ದು ಆ ಬಕಲ್. ಅದರ ಆಕಾರ ಬೇರೆಯಾಗಿದ್ದರೆ ಅವರ ಯಕೃತ್ತಿಗೆ ಅಷ್ಟು ಪೆಟ್ಟಾಗುತ್ತಿರಲಿಲ್ಲ.

ಈ ವಿಚಾರವನ್ನು ಅವರು ಇತರರಿಗೆ ತಿಳಿಸಿದಾಗ ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಅಪಘಾತವಾದರೆ ಗಾಯವಾಗಲೇಬೇಕು, ಸಾಯುವುದು ಬದುಕುವುದು ಹಣೆಬರಹ ಎಂಬ ನಂಬಿಕೆ ಎಲ್ಲೆಡೆ ಇತ್ತು. ಡಿಹೇವನ್ ವೈದ್ಯರೂ ಆಗಿರಲಿಲ್ಲ. ಅವರ ಮಾತಿಗೆ ಯಾರು ಬೆಲೆ ಕೊಡುತ್ತಾರೆ?

ಮತ್ತೆ ಎದ್ದ ಪ್ರಶ್ನೆ

ಯುದ್ಧ ಮುಗಿಯಿತು. ಡಿಹೇವನ್ ಯಂತ್ರಗಳನ್ನು ರೂಪಿಸುವ ಕೆಲಸಕ್ಕೆ ಇಳಿದರು. ದಿನಪತ್ರಿಕೆಗಳನ್ನು ತಾನಾಗಿಯೇ ಕಟ್ಟು ಕಟ್ಟುವ ಯಂತ್ರವೂ ಅವರ ಆವಿಷ್ಕಾರಗಳಲ್ಲಿ ಒಂದು. ಇವುಗಳಿಂದ ಅವರಿಗೆ ಸಾಕಷ್ಟು ಹಣ ಬಂತು. 1930ರ ದಶಕದಲ್ಲಿ, ನಲವತ್ತು ತುಂಬುವ ಮೊದಲೇ, ಅವರು ಕೆಲಸದಿಂದ ವಿಶ್ರಾಂತಿ ಪಡೆದರು.

ಆದರೆ ಆ ಹಳೆಯ ಪ್ರಶ್ನೆ ಅವರನ್ನು ಬಿಟ್ಟಿರಲಿಲ್ಲ. ಅದೇ ದಶಕದಲ್ಲಿ ಒಂದು ಕಾರು ಅಪಘಾತ ಅವರ ಕಣ್ಣಿಗೆ ಬಿತ್ತು. ಚಾಲಕನ ತಲೆಗೆ ಆಳವಾದ ಗಾಯವಾಗಿತ್ತು. ಡಿಹೇವನ್ ಕಾರಿನ ಒಳಗೆ ಇಣುಕಿ ನೋಡಿದರು. ಚಾಲಕನ ಎದುರಿನ ಡ್ಯಾಶ್‌ಬೋರ್ಡಿನಲ್ಲಿ ಹೊರಕ್ಕೆ ಚಾಚಿದ ಗಟ್ಟಿಯಾದ ಒಂದು ಗುಂಡಿ ಇತ್ತು. ಗಾಯ ಮಾಡಿದ್ದು ಅದೇ. ಇಲ್ಲಿಯೂ ಅದೇ ಬಕಲ್ಲಿನ ಕಥೆ!

ಆ ಕಾಲದಲ್ಲಿ ಅಪಘಾತವಾದರೆ ಜನ ಕೇಳುತ್ತಿದ್ದ ಪ್ರಶ್ನೆ ಒಂದೇ: ತಪ್ಪು ಯಾರದು? ಡಿಹೇವನ್ ಇನ್ನೊಂದು ಪ್ರಶ್ನೆ ಕೇಳಿದರು: ಗಾಯ ಮಾಡಿದ್ದು ಯಾವುದು? ಮೊದಲ ಪ್ರಶ್ನೆಗೆ ಉತ್ತರ ಸಿಕ್ಕರೆ ಒಬ್ಬರಿಗೆ ದಂಡ ಹಾಕಬಹುದು. ಎರಡನೆಯದಕ್ಕೆ ಉತ್ತರ ಸಿಕ್ಕರೆ ಮುಂದೆ ಅದೇ ಬಗೆಯ ಅಪಘಾತಕ್ಕೆ ಸಿಲುಕುವ ಎಷ್ಟೋ ಜನರನ್ನು ಉಳಿಸಬಹುದು.

ಮೊಟ್ಟೆಗಳು ಮತ್ತು ಬಿದ್ದು ಬದುಕಿದವರು

ಡಿಹೇವನ್ ತಮ್ಮ ಮನೆಯ ಅಡುಗೆಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡರು. ನೆಲದ ಮೇಲೆ ಮೆತ್ತನೆಯ ಫೋಮ್ ರಬ್ಬರ್ ಹಾಸಿ, ಮೇಲಿನಿಂದ ಮೊಟ್ಟೆಗಳನ್ನು ಬೀಳಿಸಿದರು. ರಬ್ಬರಿನ ದಪ್ಪ ಬದಲಾಯಿಸಿದರು, ಎತ್ತರ ಬದಲಾಯಿಸಿದರು. ಯಾವಾಗ ಒಡೆಯುತ್ತದೆ, ಯಾವಾಗ ಒಡೆಯುವುದಿಲ್ಲ ಎಂದು ಬರೆದಿಟ್ಟುಕೊಂಡರು. ಸರಿಯಾದ ಹಾಸು ಇದ್ದರೆ ಬಹಳ ಎತ್ತರದಿಂದ ಬಿದ್ದ ಮೊಟ್ಟೆಯೂ ಒಡೆಯುವುದಿಲ್ಲ ಎಂಬುದು ಅವರಿಗೆ ತಿಳಿಯಿತು.

ಮೊಟ್ಟೆಯ ವಿಷಯ ಸರಿ, ಮನುಷ್ಯರ ವಿಷಯ ಹೇಗೆ? ಮನುಷ್ಯರನ್ನು ಬೀಳಿಸಿ ಪರೀಕ್ಷೆ ಮಾಡಲಾಗದು. ಆದ್ದರಿಂದ ಎತ್ತರದ ಕಟ್ಟಡಗಳಿಂದ ಬಿದ್ದೂ ಬದುಕಿದವರ ಸುದ್ದಿಗಳನ್ನು ಅವರು ಸಂಗ್ರಹಿಸತೊಡಗಿದರು. ಎಷ್ಟು ಎತ್ತರದಿಂದ ಬಿದ್ದರು, ಯಾವುದರ ಮೇಲೆ ಬಿದ್ದರು, ಅದು ಎಷ್ಟು ಆಳ ತಗ್ಗಿತು, ದೇಹದ ಯಾವ ಭಾಗಕ್ಕೆ ಏನಾಯಿತು ಎಂದು ಒಂದೊಂದನ್ನೂ ಅಳೆದು ಬರೆದರು. 50ರಿಂದ 150 ಅಡಿ ಎತ್ತರದಿಂದ ಬಿದ್ದವರ ಬಗ್ಗೆ ಅವರು ಬರೆದ ಲೇಖನ 1942ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ಅದರಲ್ಲಿ ಒಂದು ಪ್ರಕರಣ ಹೀಗಿದೆ. ಒಬ್ಬ ಮಹಿಳೆ 17 ಅಂತಸ್ತು, ಅಂದರೆ 144 ಅಡಿ ಕೆಳಗೆ ಬಿದ್ದರು. ಬಿದ್ದದ್ದು ತಗಡಿನ ಒಂದು ಗಾಳಿಗೂಡಿನ ಮೇಲೆ. ಅವರ ಭಾರಕ್ಕೆ ಆ ಗೂಡು 12ರಿಂದ 18 ಅಂಗುಲ ನಜ್ಜುಗುಜ್ಜಾಯಿತು. ನಮ್ಮ ಲೆಕ್ಕದಲ್ಲಿ ಹೆಚ್ಚೆಂದರೆ ಒಂದು ಮೊಳ. ಗೂಡಿನಿಂದ ಆಚೆಗೆ ಚಾಚಿದ್ದ ಅವರ ತೋಳುಗಳು ಮುರಿದವು, ಒಂದು ಪಾದಕ್ಕೂ ಗಾಯವಾಯಿತು. ಆದರೆ ತಗಡು ತಗ್ಗಿ ಹಿಡಿದುಕೊಂಡ ತಲೆ, ಎದೆ, ಹೊಟ್ಟೆಗಳಿಗೆ ಅಪಾಯವಾಗಲಿಲ್ಲ. ಅವರಿಗೆ ಪ್ರಜ್ಞೆಯೂ ತಪ್ಪಲಿಲ್ಲ. ಎದ್ದು ಕುಳಿತು, ತಮ್ಮನ್ನು ಕೋಣೆಗೆ ಕರೆದುಕೊಂಡು ಹೋಗುವಂತೆ ಕೇಳಿದರು.

ಇದು ಪವಾಡವೇ? ಅಲ್ಲ. ಇದಕ್ಕೊಂದು ಸರಳ ಲೆಕ್ಕವಿದೆ.

ಲೆಕ್ಕ ಮಾಡಿ ನೋಡೋಣ

ಬಿದ್ದ ಎತ್ತರವನ್ನು, ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿ. ಬರುವ ಸಂಖ್ಯೆ, ನಿಲ್ಲುವಾಗ ದೇಹದ ಮೇಲೆ ಅದರ ತೂಕದ ಸುಮಾರು ಎಷ್ಟು ಪಟ್ಟು ಬಲ ಬೀಳುತ್ತದೆ ಎಂಬುದನ್ನು ತಿಳಿಸುತ್ತದೆ.

ಆ ಮಹಿಳೆಗೆ ನಿಲ್ಲಲು ಒಂದೂವರೆ ಅಡಿ ಸಿಕ್ಕಿತು ಎಂದುಕೊಳ್ಳಿ. 144 ಭಾಗಿಸು 1.5, ಅಂದರೆ 96 ಪಟ್ಟು. ಕಾಂಕ್ರೀಟಿನ ಮೇಲೆ ಬಿದ್ದು ಒಂದೇ ಅಂಗುಲದಲ್ಲಿ ನಿಂತಿದ್ದರೆ? 144 ಅಡಿ ಎಂದರೆ 1728 ಅಂಗುಲ. ಆಗ ಬಲ 1728 ಪಟ್ಟು! ಎತ್ತರ ಅದೇ, ವೇಗ ಅದೇ. ನಿಲ್ಲಲು ಸಿಕ್ಕ ದೂರ ಮಾತ್ರ ಬೇರೆ. ಬದುಕಿಗೂ ಸಾವಿಗೂ ನಡುವೆ ಇದ್ದದ್ದು ಒಂದು ಮೊಳದಷ್ಟು ತಗ್ಗಿದ ತಗಡು.

ಕ್ರಿಕೆಟ್ ಆಡುವಾಗ ಕ್ಯಾಚ್ ಹಿಡಿಯುವವರು ಕೈಯನ್ನು ಚೆಂಡಿನ ಜೊತೆಗೇ ಹಿಂದಕ್ಕೆ ಎಳೆದುಕೊಳ್ಳುವುದು ಇದಕ್ಕೇ. ನಿಲ್ಲುವ ದೂರ ಹೆಚ್ಚಾದಷ್ಟೂ ಅಂಗೈ ಉರಿಯುವುದು ಕಡಿಮೆ.

ಇನ್ನೊಂದು ಸಂಗತಿಯೂ ಡಿಹೇವನ್ ಅವರಿಗೆ ಕಂಡಿತು. ಅದೇ ಬಲ ದೇಹದ ಅಗಲವಾದ ಭಾಗದ ಮೇಲೆ ಹರಡಿದರೆ ದೇಹ ತಡೆದುಕೊಳ್ಳುತ್ತದೆ. ಬಕಲ್ ಅಥವಾ ಗುಂಡಿಯಂತಹ ಸಣ್ಣ ಜಾಗದಲ್ಲಿ ಸೇರಿದರೆ ಒಳಕ್ಕೆ ನುಗ್ಗುತ್ತದೆ. ಮೊಳೆಯ ತಲೆಯನ್ನು ಬೆರಳಿನಿಂದ ಒತ್ತಿದರೆ ನೋವಾಗದು, ಮೊನೆಯನ್ನು ಒತ್ತಿದರೆ ಚುಚ್ಚುತ್ತದೆ ಅಲ್ಲವೇ? ಹಾಗೆಯೇ ಇದು.

ಹಾಗಾದರೆ ಗಾಯದ ತೀವ್ರತೆ ಅದೃಷ್ಟದ ಮಾತಲ್ಲ. ದೇಹ ಯಾವುದಕ್ಕೆ ಬಡಿಯಿತು, ಅದು ಎಷ್ಟು ದೂರ ತಗ್ಗಿತು, ಬಲ ಎಷ್ಟು ಅಗಲಕ್ಕೆ ಹರಡಿತು ಎಂಬುದರ ಮಾತು. ಇವೆಲ್ಲ ನಾವು ಬದಲಾಯಿಸಬಹುದಾದ ಸಂಗತಿಗಳು!

ಗಾಯಕ್ಕೂ ಅಂಕ

ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಯೂಜೀನ್ ಡುಬಾಯ್ ಎಂಬ ಹೆಸರಾಂತ ಶರೀರಕ್ರಿಯಾ ವಿಜ್ಞಾನಿ ಇದ್ದರು. ಡಿಹೇವನ್ ಅವರ ಕೆಲಸದ ಮಹತ್ವ ಅವರಿಗೆ ಅರ್ಥವಾಯಿತು. ಎರಡನೇ ಮಹಾಯುದ್ಧದ ಸಮಯ. ವಿಮಾನ ಅಪಘಾತಗಳಲ್ಲಿ ಪೈಲಟ್‌ಗಳು ಸಾಯುತ್ತಿದ್ದರು. 1942ರಲ್ಲಿ ಆ ಕಾಲೇಜಿನಲ್ಲಿ ಅಪಘಾತ ಗಾಯ ಸಂಶೋಧನೆಯ ಯೋಜನೆ ಆರಂಭವಾಯಿತು. ಡಿಹೇವನ್ ಅದರ ಮುಖ್ಯಸ್ಥರಾದರು. ಇಪ್ಪತ್ತೈದು ವರ್ಷಗಳ ಹಿಂದೆ ಯಾರೂ ಕಿವಿಗೊಡದ ಪ್ರಶ್ನೆಗೆ ಕೊನೆಗೂ ಒಂದು ಕೋಣೆ, ಒಂದು ಮೇಜು, ಕೆಲವು ಸಹಾಯಕರು ಸಿಕ್ಕಿದರು.

ಸಣ್ಣ ವಿಮಾನಗಳ ನೂರಾರು ಅಪಘಾತಗಳನ್ನು ಅವರು ಅಧ್ಯಯನ ಮಾಡಿದರು. ಪ್ರತಿಯೊಂದರಲ್ಲೂ ಗಾಯ ಎಲ್ಲಿ ಆಯಿತು, ಎಷ್ಟು ತೀವ್ರ, ಮಾಡಿದ್ದು ಯಾವ ವಸ್ತು ಎಂದು ದಾಖಲಿಸಿದರು. ಆದರೆ ಒಂದು ತೊಡಕು ಇತ್ತು. ಒಬ್ಬರು ಸ್ವಲ್ಪ ಗಾಯ ಎಂದು ಬರೆದದ್ದನ್ನು ಇನ್ನೊಬ್ಬರು ಭಾರಿ ಗಾಯ ಎಂದು ಬರೆಯಬಹುದು. ಆಗ ಒಂದಕ್ಕೊಂದು ಹೋಲಿಸುವುದು ಹೇಗೆ? ಅದಕ್ಕಾಗಿ ಡಿಹೇವನ್ ಗಾಯಗಳನ್ನು ತೀವ್ರತೆಯ ಹಂತಗಳಾಗಿ ವಿಂಗಡಿಸಿದರು. ಉಷ್ಣತೆಯನ್ನು ಅಳೆಯಲು ಥರ್ಮಾಮೀಟರ್ ಇರುವಂತೆ ಗಾಯವನ್ನು ಅಳೆಯಲು ಒಂದು ಅಳತೆಗೋಲು ಹುಟ್ಟಿತು.

ಇದೇ ದಾರಿಯಲ್ಲಿ ಮುಂದೆ ನಡೆದವರು 1971ರಲ್ಲಿ ಇನ್ನೊಂದು ಅಳತೆಗೋಲನ್ನು ಪ್ರಕಟಿಸಿದರು. ಇಂದು ಜಗತ್ತಿನ ಅನೇಕ ದೇಶಗಳಲ್ಲಿ ಅದರ ಸುಧಾರಿತ ರೂಪ ಬಳಕೆಯಲ್ಲಿದೆ. ಅದರಲ್ಲಿ 1 ಎಂದರೆ ಸಣ್ಣ ಗಾಯ, 3 ಎಂದರೆ ಗಂಭೀರ, 5 ಎಂದರೆ ಪ್ರಾಣಾಪಾಯದ ಗಾಯ. 6 ಎಂದರೆ ಚಿಕಿತ್ಸೆಗೆ ನಿಲುಕದ್ದು.

1974ರಲ್ಲಿ ಸೂಸನ್ ಬೇಕರ್ ಮತ್ತು ಸಂಗಡಿಗರು ಇದಕ್ಕೆ ಒಂದು ಲೆಕ್ಕವನ್ನು ಸೇರಿಸಿದರು. ದೇಹವನ್ನು ಆರು ಭಾಗ ಮಾಡಿ, ಹೆಚ್ಚು ಪೆಟ್ಟಾದ ಮೂರು ಭಾಗಗಳ ಅಂಕಗಳನ್ನು ತೆಗೆದುಕೊಂಡು, ಒಂದೊಂದರ ವರ್ಗ ಮಾಡಿ ಕೂಡಿಸಬೇಕು. ಉದಾಹರಣೆಗೆ, ಒಬ್ಬರಿಗೆ ಎದೆಯಲ್ಲಿ 4, ಹೊಟ್ಟೆಯಲ್ಲಿ 3, ಕೈಯಲ್ಲಿ 2ನೇ ಹಂತದ ಗಾಯ ಇದ್ದರೆ 16 + 9 + 4 = 29. ಮೂರು ಕಡೆಯೂ 2ನೇ ಹಂತದ ಗಾಯವಿದ್ದರೆ 4 + 4 + 4 = 12. ವರ್ಗ ಏಕೆ? ಗಾಯದ ಹಂತ ಒಂದೊಂದೇ ಏರಿದರೂ ಪ್ರಾಣಾಪಾಯ ಅದಕ್ಕಿಂತ ವೇಗವಾಗಿ ಏರುತ್ತದೆ. ಒಟ್ಟು 15ನ್ನು ದಾಟಿದರೆ ಅದನ್ನು ಭಾರಿ ಗಾಯವೆಂದು ಪರಿಗಣಿಸುವುದು ರೂಢಿ.

ವಿಮಾನದಿಂದ ಕಾರಿಗೆ

1940ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಇಂಡಿಯಾನಾ ರಾಜ್ಯದ ಪೊಲೀಸ್ ಅಧಿಕಾರಿ ಎಲ್ಮರ್ ಪಾಲ್ ಡಿಹೇವನ್ ಅವರನ್ನು ಸಂಪರ್ಕಿಸಿದರು. ರಸ್ತೆಯ ಮೇಲೆ ದಿನವೂ ಸಾವು ನೋಡುತ್ತಿದ್ದ ಅವರಿಗೂ ಅದೇ ಪ್ರಶ್ನೆ ಕಾಡುತ್ತಿತ್ತು. ಒಂದೇ ಬಗೆಯ ಅಪಘಾತದಲ್ಲಿ ಒಬ್ಬರು ಉಳಿಯುತ್ತಾರೆ, ಇನ್ನೊಬ್ಬರು ಉಳಿಯುವುದಿಲ್ಲ. ಏಕೆ? ಅಲ್ಲಿಂದ ಕಾರುಗಳ ಅಧ್ಯಯನ ಶುರುವಾಯಿತು. ಪೊಲೀಸರು ಜಜ್ಜಿದ ಕಾರಿನ ಫೋಟೊ ಮತ್ತು ವಿವರ ಕಳಿಸಿದರು. ವೈದ್ಯರು ಗಾಯದ ವಿವರ ಕಳಿಸಿದರು. ಎರಡನ್ನೂ ಜೋಡಿಸಿ ನೋಡಿದಾಗ ಕಾರಿನ ಯಾವ ಭಾಗ ಯಾವ ಗಾಯ ಮಾಡಿತು ಎಂಬುದು ಹೊರಬಂತು.

ಅವುಗಳಲ್ಲಿ ದೊಡ್ಡ ಅಪರಾಧಿ ಬಾಗಿಲು! ಆ ಕಾಲದ ಕಾರುಗಳ ಬಾಗಿಲಿನ ಚಿಲಕ ಗಟ್ಟಿಯಾಗಿರಲಿಲ್ಲ. ಡಿಕ್ಕಿಯಾದ ಕೂಡಲೇ ಬಾಗಿಲು ತೆರೆದುಕೊಂಡು ಒಳಗಿದ್ದವರು ಹೊರಕ್ಕೆ ಎಸೆಯಲ್ಪಡುತ್ತಿದ್ದರು. ಕಾರಿನಿಂದ ಹೊರಗೆ ಬಿದ್ದರೆ ಬಚಾವು ಎಂದು ಆಗ ಹಲವರು ನಂಬಿದ್ದರು. ಲೆಕ್ಕ ಹಾಕಿದಾಗ ನಿಜ ಅದಕ್ಕೆ ವಿರುದ್ಧವಾಗಿತ್ತು. ಹೊರಗೆ ಬಿದ್ದವರು ಸಾಯುವ ಸಂಭವ ಒಳಗೆ ಉಳಿದವರಿಗಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಇದು ತಿಳಿದ ಮೇಲೆ 1950ರ ದಶಕದ ಮಧ್ಯದಲ್ಲಿ ಅಮೆರಿಕದ ಕಾರು ಕಂಪನಿಗಳು ಗಟ್ಟಿ ಚಿಲಕಗಳನ್ನು ಅಳವಡಿಸತೊಡಗಿದವು.

1952ರಲ್ಲಿ ಡಿಹೇವನ್ ಎಂಜಿನಿಯರುಗಳ ಮುಂದೆ ತಮ್ಮ ವಿಚಾರವನ್ನು ಸಾಮಾನು ಕಟ್ಟುವ ನಿಯಮಗಳ ರೂಪದಲ್ಲಿ ಇಟ್ಟರು. ಅವನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು.

1. ಪೆಟ್ಟಿಗೆ ಬಾಯಿಬಿಟ್ಟು ಒಳಗಿನ ವಸ್ತು ಹೊರಚೆಲ್ಲಬಾರದು.
2. ಪೆಟ್ಟಿಗೆ ಒಳಗಿನ ವಸ್ತುವಿನ ಮೇಲೆಯೇ ಕುಸಿಯಬಾರದು.
3. ಒಳಗಿನ ವಸ್ತು ಅಲುಗಾಡಿ ಗೋಡೆಗೆ ಬಡಿಯದಂತೆ ಹಿಡಿದಿಟ್ಟಿರಬೇಕು.
4. ಹಾಗೆ ಹಿಡಿದಿಡುವಾಗ ಬಲ ಆ ವಸ್ತುವಿನ ಗಟ್ಟಿಯಾದ ಭಾಗದ ಮೇಲೆ ಬೀಳಬೇಕು.

ಮೊಟ್ಟೆಯ ಬುಟ್ಟಿಗೂ ಕಾರಿಗೂ ಒಂದೇ ನಿಯಮ. ಮೂರನೆಯ ಮತ್ತು ನಾಲ್ಕನೆಯ ನಿಯಮಗಳನ್ನು ಪಾಲಿಸುವುದೇ ಸೀಟ್ ಬೆಲ್ಟ್. ಡಿಹೇವನ್ ಮತ್ತು ರೋಜರ್ ಗ್ರಿಸ್‌ವೋಲ್ಡ್ ಸೇರಿ ಸೊಂಟ ಮತ್ತು ಭುಜ ಎರಡನ್ನೂ ಹಿಡಿಯುವ ಬೆಲ್ಟನ್ನು ರೂಪಿಸಿದರು. ಅದಕ್ಕೆ 1955ರಲ್ಲಿ ಪೇಟೆಂಟ್ ದೊರೆಯಿತು. 1959ರಲ್ಲಿ ಸ್ವೀಡನ್ನಿನ ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ ಅದಕ್ಕಿಂತ ಉತ್ತಮ ಬೆಲ್ಟನ್ನು ಕಾರಿಗೆ ತಂದರು. ಇಂದು ನಾವು ಹಾಕಿಕೊಳ್ಳುವುದು ಅದೇ ಬಗೆಯದು. ಅದರ ಬಕಲ್ ಎಲ್ಲಿದೆ ಗಮನಿಸಿ. ಹೊಟ್ಟೆಯ ಮೇಲಲ್ಲ, ಸೊಂಟದ ಪಕ್ಕದಲ್ಲಿ. 1917ರಲ್ಲಿ ಹಾಗಿದ್ದಿದ್ದರೆ!

ಪಕ್ಕದಲ್ಲಿ ಉಳಿದ ತೊಂದರೆ

ಈಗ ಎರಡನೆಯ ನಿಯಮಕ್ಕೆ ಬರೋಣ. ಪೆಟ್ಟಿಗೆ ಒಳಗಿನ ವಸ್ತುವಿನ ಮೇಲೆಯೇ ಕುಸಿಯಬಾರದು. ಕಾರಿನಲ್ಲಿ ಈ ನಿಯಮ ಪಾಲಿಸುವುದು ಅತ್ಯಂತ ಕಷ್ಟವಾದ ಜಾಗ ಅದರ ಪಕ್ಕ.

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವುದು ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರು ಅಂತಸ್ತಿನ ಮೇಲಿನಿಂದ ಬಿದ್ದಷ್ಟು ವೇಗ. ಕಾರು ಮುಂದಿನಿಂದ ಗೋಡೆಗೆ ಗುದ್ದಿ, ಅದರ ಮುಂಭಾಗ 60 ಸೆಂಟಿಮೀಟರ್ ನಜ್ಜಾಯಿತು ಎನ್ನಿ. 1000 ಸೆಂಟಿಮೀಟರನ್ನು 60ರಿಂದ ಭಾಗಿಸಿದರೆ ಸುಮಾರು 17 ಪಟ್ಟು. ಬೆಲ್ಟ್ ಕಟ್ಟಿಕೊಂಡವರು ಅದನ್ನು ತಡೆದುಕೊಳ್ಳಬಹುದು. ಪಕ್ಕದಲ್ಲಿ ಒಂದು ಗೇಣು, ಅಂದರೆ ಸುಮಾರು 20 ಸೆಂಟಿಮೀಟರ್ ಮಾತ್ರ ಇದ್ದರೆ? 1000 ಭಾಗಿಸು 20, ಅಂದರೆ 50 ಪಟ್ಟು. ಇದು ಹೋಲಿಸಲು ಮಾಡಿದ ಸರಳ ಲೆಕ್ಕ. ನಿಜವಾದ ಡಿಕ್ಕಿಯಲ್ಲಿ ಗುದ್ದುವ ವಾಹನದ ತೂಕ, ಅದರ ಎತ್ತರ, ಬಾಗಿಲಿನ ಗಟ್ಟಿತನ ಎಲ್ಲವೂ ಸೇರುತ್ತವೆ. ಆದರೆ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಮುಂದಿನ ಡಿಕ್ಕಿಯಲ್ಲಿ ಮನುಷ್ಯ ಹೋಗಿ ಬಡಿಯುತ್ತಾನೆ. ಪಕ್ಕದ ಡಿಕ್ಕಿಯಲ್ಲಿ ಬಾಗಿಲೇ ಒಳಕ್ಕೆ ಬಂದು ಮನುಷ್ಯನಿಗೆ ಬಡಿಯುತ್ತದೆ. ಹಾಗಾಗಿ ಗುದ್ದಿದ ಬದಿಯಲ್ಲೇ ಕುಳಿತವರಿಗೆ ಬೆಲ್ಟಿನಿಂದ ಸಿಗುವ ರಕ್ಷಣೆ ಕಡಿಮೆ. ಬಾಗಿಲಿಗೆ ಹತ್ತಿರ ಇರುವುದು ತಲೆ, ಪಕ್ಕೆಲುಬು ಮತ್ತು ಸೊಂಟದ ಮೂಳೆ. ಬಲಗಡೆಯ ಪಕ್ಕೆಲುಬುಗಳ ಹಿಂದೆ ಯಕೃತ್ತು, ಎಡಗಡೆ ಗುಲ್ಮ ಇವೆ. ನಮ್ಮ ದೇಶದ ಕಾರುಗಳಲ್ಲಿ ಚಾಲಕರು ಕೂರುವುದು ಬಲಗಡೆ. ಆ ಬಾಗಿಲಿಗೆ ಗುದ್ದಿದರೆ ಪೆಟ್ಟು ಬೀಳುವ ಅಂಗಗಳಲ್ಲಿ ಯಕೃತ್ತೂ ಒಂದು. ಡಿಹೇವನ್ ಅವರಿಗೆ ಗಾಯವಾಗಿದ್ದ ಅಂಗವೇ ಅದು.

ಆಚೆ ಬದಿಯಲ್ಲಿ ಕುಳಿತವರ ಸ್ಥಿತಿ ಬೇರೆ. ಅವರಿಗೂ ಬಾಗಿಲಿಗೂ ನಡುವೆ ಒಂದು ಆಸನದಷ್ಟು ಜಾಗವಿದೆ. ಬೆಲ್ಟ್ ಹಾಕಿದ್ದರೆ ಅದು ಸೊಂಟವನ್ನು ಹಿಡಿಯುತ್ತದೆ. ಹಾಕದಿದ್ದರೆ ಅವರು ಜಾರಿ ಬಂದು ಪಕ್ಕದವರಿಗೇ ಬಡಿಯುತ್ತಾರೆ.

ಎಂಜಿನಿಯರುಗಳು ಮಾಡಿದ್ದೇನು?

ಪಕ್ಕದಲ್ಲಿ ಜಾಗ ಹೆಚ್ಚಿಸುವುದು ಕಷ್ಟ. ಕಾರನ್ನು ಎರಡು ಪಟ್ಟು ಅಗಲ ಮಾಡಿದರೆ ರಸ್ತೆ ಸಾಲದು. ಆದ್ದರಿಂದ ಬೇರೆ ದಾರಿಗಳನ್ನು ಹುಡುಕಿದರು.

ಮೊದಲನೆಯದು, ಬಾಗಿಲು ಒಳಕ್ಕೆ ಬಾರದಂತೆ ತಡೆಯುವುದು. ಬಾಗಿಲಿನ ಎರಡು ತಗಡುಗಳ ನಡುವೆ ಉಕ್ಕಿನ ಅಡ್ಡಪಟ್ಟಿ ಇಟ್ಟರು. ಬಾಗಿಲು ಇಷ್ಟು ಗಟ್ಟಿ ಇರಲೇಬೇಕು ಎಂಬ ನಿಯಮ ಅಮೆರಿಕದಲ್ಲಿ 1973ರಲ್ಲಿ ಜಾರಿಗೆ ಬಂತು. ಬಾಗಿಲಿಗೆ ಬಿದ್ದ ಬಲ ಕಂಬಗಳಿಗೆ, ನೆಲಗಟ್ಟಿಗೆ ಮತ್ತು ಮೇಲ್ಚಾವಣಿಗೆ ಹಂಚಿಹೋಗುವಂತೆ ಕಾರಿನ ಚೌಕಟ್ಟನ್ನೂ ಬದಲಾಯಿಸಿದರು.

ಎರಡನೆಯದು, ಬಲವನ್ನು ಅಗಲಕ್ಕೆ ಹರಡುವುದು. ಅದಕ್ಕೆ ಪಕ್ಕದ ಗಾಳಿಚೀಲ. ವೋಲ್ವೊ ಕಂಪನಿ 1994ರಲ್ಲಿ ಇದನ್ನು ತಂದಿತು. ಪಕ್ಕದಲ್ಲಿ ಜಾಗ ಕಡಿಮೆಯಾದ್ದರಿಂದ ಸಮಯವೂ ಕಡಿಮೆ. ಈ ಚೀಲ ಒಂದು ಸೆಕೆಂಡಿನ ಸುಮಾರು ಐವತ್ತನೇ ಒಂದು ಭಾಗದಲ್ಲಿ ಉಬ್ಬಿ ಮನುಷ್ಯನಿಗೂ ಬಾಗಿಲಿಗೂ ನಡುವೆ ನಿಲ್ಲಬೇಕು. ಕಣ್ಣು ಮಿಟುಕಿಸಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು!

ಮೂರನೆಯದು, ಪರೀಕ್ಷೆ. ನಮ್ಮ ದೇಶದಲ್ಲಿ 2017ರ ಅಕ್ಟೋಬರ್‌ನಿಂದ ಹೊಸ ಮಾದರಿಯ ಕಾರುಗಳಿಗೆ ಪಕ್ಕದ ಡಿಕ್ಕಿಯ ಪರೀಕ್ಷೆ ಕಡ್ಡಾಯವಾಯಿತು. 950 ಕಿಲೋಗ್ರಾಂ ತೂಕದ ಗಾಡಿಯೊಂದನ್ನು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ತಂದು ನಿಂತ ಕಾರಿನ ಪಕ್ಕಕ್ಕೆ ಗುದ್ದಿಸುತ್ತಾರೆ. ಒಳಗೆ ಮನುಷ್ಯನ ಬದಲು ಒಂದು ಗೊಂಬೆ ಕುಳಿತಿರುತ್ತದೆ. ಅದಕ್ಕೂ ಪಕ್ಕೆಲುಬುಗಳಿವೆ. ಅವು 42 ಮಿಲಿಮೀಟರಿಗಿಂತ ಹೆಚ್ಚು ಒಳಕ್ಕೆ ತಗ್ಗಿದರೆ ಕಾರು ನಪಾಸು. 2023ರ ಅಕ್ಟೋಬರ್‌ನಲ್ಲಿ ಕಾರುಗಳಿಗೆ ನಕ್ಷತ್ರ ಕೊಡುವ ಭಾರತ್ ಎನ್‌ಕ್ಯಾಪ್ ಯೋಜನೆಯೂ ಆರಂಭವಾಯಿತು. ಅದರಲ್ಲಿ ಕಾರಿನ ಪಕ್ಕವನ್ನು ಕಂಬಕ್ಕೆ ಗುದ್ದಿಸುವ ಪರೀಕ್ಷೆಯೂ ಇದೆ.

ಕೊನೆಯ ದಿನಗಳು

ಡಿಹೇವನ್ 1954ರಲ್ಲಿ ಕಾರ್ನೆಲ್‌ನಿಂದ ನಿವೃತ್ತರಾದರು. ಅವರು ಆರಂಭಿಸಿದ ಕೆಲಸವನ್ನು ಇತರರು ಮುಂದುವರಿಸಿದರು. 1980ರಲ್ಲಿ ಅವರು ತೀರಿಕೊಂಡರು. 22ನೇ ವಯಸ್ಸಿನಲ್ಲಿ ಆಕಾಶದಿಂದ ಬಿದ್ದವರು 84 ವರ್ಷ ಬದುಕಿದರು.

ಪಕ್ಕದ ಡಿಕ್ಕಿಯ ತೊಂದರೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ಎತ್ತರದ ಲಾರಿಯೊಂದು ಸಣ್ಣ ಕಾರಿನ ಪಕ್ಕಕ್ಕೆ ಗುದ್ದಿದರೆ ಅಡ್ಡಪಟ್ಟಿಗೂ ಮೇಲೆ, ನೇರವಾಗಿ ತಲೆ ಮತ್ತು ಎದೆಯ ಎತ್ತರಕ್ಕೆ ಬಡಿಯುತ್ತದೆ. ಆ ಒಂದು ಗೇಣು ಜಾಗದಲ್ಲಿ ಇನ್ನೂ ಏನು ಮಾಡಬಹುದು ಎಂದು ಯೋಚಿಸುವ ಎಂಜಿನಿಯರುಗಳು ಬೇಕಾಗಿದ್ದಾರೆ. ಮುಂದೆ ಅವರಲ್ಲಿ ನೀವೂ ಒಬ್ಬರಾಗಬಹುದು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಕುಳಿತರೂ ಬೆಲ್ಟ್ ಹಾಕಿಕೊಳ್ಳಿ. ಬಾಗಿಲಿಗೆ ತಲೆ ಆನಿಸಿ ಮಲಗಬೇಡಿ. ವಾಹನ ಓಡಿಸುವ ಮನೆಯವರಿಗೆ ಅಡ್ಡರಸ್ತೆ ಬಂದಾಗ ನಿಧಾನಿಸಲು ನೆನಪಿಸಿ.

ನೀವೇ ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ಒಂದು ರಟ್ಟಿನ ಪೆಟ್ಟಿಗೆ, ಒಣಹುಲ್ಲು, ಎರಡು ಮೊಟ್ಟೆ, ಪ್ಲಾಸ್ಟಿಕ್ ಕವರ್, ಅಂಟುಪಟ್ಟಿ. ಮೊಟ್ಟೆ ಬೇಡವೆನ್ನುವವರು ಮೆತ್ತನೆಯ ಜೇಡಿಮಣ್ಣಿನ ಉಂಡೆ ಬಳಸಬಹುದು.

ವಿಧಾನ: ಮೊಟ್ಟೆಯನ್ನು ಕವರಿನಲ್ಲಿ ಸುತ್ತಿ ಪೆಟ್ಟಿಗೆಯೊಳಗೆ ಇಡಿ. ಪೆಟ್ಟಿಗೆಯ ಒಂದು ಮುಖದ ಕಡೆ ಒಂದು ಗೇಣು ದಪ್ಪ ಹುಲ್ಲು, ಅದರ ಎದುರು ಮುಖದ ಕಡೆ ಅರ್ಧ ಬೆರಳು ದಪ್ಪ ಹುಲ್ಲು ಇರಲಿ. ಉಳಿದ ಕಡೆ ಮೊಟ್ಟೆ ಅಲುಗದಂತೆ ಹುಲ್ಲು ತುಂಬಿ, ಮುಚ್ಚಿ ಅಂಟಿಸಿ. ದಪ್ಪ ಹುಲ್ಲಿನ ಮುಖ ಕೆಳಗಿರುವಂತೆ ಸೊಂಟದ ಎತ್ತರದಿಂದ ಬೀಳಿಸಿ. ತೆರೆದು ನೋಡಿ ಬರೆದುಕೊಳ್ಳಿ. ಈಗ ಇನ್ನೊಂದು ಮೊಟ್ಟೆ ಇಟ್ಟು, ತೆಳು ಹುಲ್ಲಿನ ಮುಖ ಕೆಳಗಿರುವಂತೆ ಅದೇ ಎತ್ತರದಿಂದ ಬೀಳಿಸಿ. ಮಣ್ಣಿನ ಉಂಡೆಯಾದರೆ ಎಷ್ಟು ಚಪ್ಪಟೆಯಾಯಿತು ಎಂದು ಅಳೆಯಿರಿ.

ಯೋಚಿಸಿ, ಉತ್ತರಿಸಿ

1. ಪೆಟ್ಟಿಗೆಯ ಯಾವ ಮುಖ ಕಾರಿನ ಮುಂಭಾಗವನ್ನು, ಯಾವುದು ಪಕ್ಕವನ್ನು ಹೋಲುತ್ತದೆ?
2. ತೆಳು ಹುಲ್ಲಿನ ಕಡೆ ಹುಲ್ಲು ಹೆಚ್ಚಿಸದೆಯೇ ಮೊಟ್ಟೆಯನ್ನು ಉಳಿಸಲು ಏನು ಮಾಡಬಹುದು?
3. ಒಬ್ಬರಿಗೆ ಎದೆಯಲ್ಲಿ 3, ಸೊಂಟದಲ್ಲಿ 3, ತಲೆಯಲ್ಲಿ 1ನೇ ಹಂತದ ಗಾಯವಾಗಿದೆ. ಒಟ್ಟು ಅಂಕ ಎಷ್ಟು? ಇದು ಭಾರಿ ಗಾಯವೇ?